ಆಟವೂ ಪಾಠವೂ: ಜಪಾನಿನ ಮಕ್ಕಳು ಇಂಗ್ಲಿಷು ಕಲಿಯುವ ಬಗೆ

(ಸಂಘದ ವಾರ್ಷಿಕೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ಉತ್ಸವದಲ್ಲಿ ಕನ್ನಡ ಪಂಡಿತರು ನಿಂತು ಜಪಾನಿನ ಮಕ್ಕಳು ಇಂಗ್ಲಿಷು ಕಲಿಯುವ ಆಟಗಳ ವಿಷಯವಾಗಿ ಮಾತನಾಡುವುದು ಸಭೆಗೆ ಸೋಜಿಗವೆನಿಸಬಹುದು. ಪಂಪ, ಕುಮಾರವ್ಯಾಸರನ್ನು ಬಿಟ್ಟು ಇದೇನೆಂದು ಮನಸ್ಸಿನಲ್ಲಿಯೇ ಕೇಳಿಕೊಳ್ಳುವವರೂ ಇರಬಹುದು. ಆದುದರಿಂದ ಈ ವಿಷಯವನ್ನು ಆರಿಸಿಕೊಂಡ ಕಾರಣವನ್ನು ಮೊದಲಿಗೇ ನಿವೇದಿಸಿಬಿಡುವೆವು.

ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಉಪಾಧ್ಯಾಯರು ಮತ್ತೆ ಮತ್ತೆ ಕೇಳುವ ಮಾತೊಂದುಂಟು. ತಂದೆಯೊಬ್ಬರು ಮಗುವಿನ ಕೈಹಿಡಿದು ಬಂದು ವರ್ಗಾವಣೆ ಪತ್ರ ಬೇಕೆನ್ನುತ್ತಾರೆ. ಏಕೆಂದು ಕೇಳಿದರೆ ತಲೆ ತಗ್ಗಿಸಿ, “ಮಾಷ್ಟ್ರೇ, ಕನ್ನಡದ ಮೇಲೆ ನಮಗೆ ಬೇಸರವಿಲ್ಲ. ನಾವು ಕಲಿತದ್ದೂ ಈ ಶಾಲೆಯಲ್ಲೇ ಅಲ್ಲವೇ? ಆದರೆ ಮಗುವಿಗೆ ಇಂಗ್ಲಿಷು ಬೇಡವೇ?” ಎನ್ನುತ್ತಾರೆ. ಈ ಪ್ರಶ್ನೆ ನ್ಯಾಯವಾದುದು. ಇದಕ್ಕೆ ನಾಡುನುಡಿಯ ಅಭಿಮಾನದ ನಾಲ್ಕು ಮಾತುಗಳನ್ನು ಹೇಳಿ ಕಳುಹಿಸಿದರೆ ಅವರು ವಿನಯದಿಂದ ಕೇಳಿಕೊಂಡು ಹೋಗಿ, ಮರುದಿನವೇ ಮಗುವನ್ನು ಬೇರೆಡೆ ಸೇರಿಸುತ್ತಾರೆ. ಒಂದೊಂದೇ ಮಗು ಹೀಗೆ ಹೋದರೆ ತರಗತಿ ಬರಿದಾಗುತ್ತದೆ. ತರಗತಿ ಬರಿದಾದರೆ ಹುದ್ದೆ ಹೋಗುತ್ತದೆ. ಕೊನೆಗೆ ಶಾಲೆಯೇ ಹೋಗುತ್ತದೆ. 1956ರಿಂದ ಈಚೆಗೆ ನಾವು ಮನವಿ, ಮೆರವಣಿಗೆಗಳಿಂದ ಕಾಪಾಡಿಕೊಂಡು ಬಂದುದನ್ನು ಈ ಒಂದು ಪ್ರಶ್ನೆಗೆ ಉತ್ತರವಿಲ್ಲದೆ ಕಳೆದುಕೊಳ್ಳುವಂತಾಗಬಾರದು.

ಉತ್ತರವನ್ನು ಹುಡುಕುತ್ತ ಹೋದಾಗ ನಮ್ಮ ಕಣ್ಣಿಗೆ ಬಿದ್ದುದು ಜಪಾನು. ನಾವು ಆ ದೇಶವನ್ನು ಕಂಡವರಲ್ಲ. ಓದಿ ತಿಳಿದುದನ್ನೇ ತಮ್ಮ ಮುಂದಿಡುವೆವು.

ಇಂಗ್ಲಿಷಿನ ಪ್ರಶ್ನೆ ಜಪಾನಿಗೆ ಹೊಸದಲ್ಲ. 1872ರಲ್ಲಿ ಮೋರಿ ಅರಿನೊರಿ ಎಂಬ ತರುಣ ರಾಜತಂತ್ರಜ್ಞನು ವಾಷಿಂಗ್ಟನ್ನಿನಲ್ಲಿ ಜಪಾನಿನ ಪ್ರತಿನಿಧಿಯಾಗಿದ್ದನು. ತನ್ನ ದೇಶವು ಮುಂದೆ ಬರಬೇಕಾದರೆ ಜಪಾನೀ ಭಾಷೆಯ ಸ್ಥಾನದಲ್ಲಿ ಸರಳಗೊಳಿಸಿದ ಇಂಗ್ಲಿಷನ್ನು ತರಬೇಕೆಂಬ ವಿಚಾರ ಆತನ ತಲೆಯಲ್ಲಿತ್ತು. ಆತನು ಇದನ್ನು ಕುರಿತು ಸಲಹೆ ಕೇಳಿ ಪತ್ರ ಬರೆದುದು ಅಮೆರಿಕದ ಯೇಲ್ ವಿದ್ಯಾಪೀಠದ ವಿಲಿಯಂ ಡ್ವೈಟ್ ವಿಟ್ನಿ ಎಂಬ ಪಂಡಿತನಿಗೆ. ಈ ವಿಟ್ನಿಯು ಸಂಸ್ಕೃತ ವ್ಯಾಕರಣವನ್ನು ಬರೆದವನೆಂದು ನಮ್ಮಲ್ಲಿ ಪ್ರಸಿದ್ಧನು. ಇಂಗ್ಲಿಷೇ ತಾಯ್ನುಡಿಯಾಗಿದ್ದ ಆ ಪಂಡಿತನು ಮೋರಿಯ ಬೆನ್ನು ತಟ್ಟಲಿಲ್ಲ. ಜನಸಾಮಾನ್ಯರ ವಿದ್ಯೆ ಜನರ ನುಡಿಯಲ್ಲಿಯೇ ಬೆಳೆಯತಕ್ಕದ್ದು, ಇಂಗ್ಲಿಷನ್ನು ಅದರ ಪಕ್ಕದಲ್ಲಿ ಕಲಿಯಿರಿ ಎಂಬ ಅಭಿಪ್ರಾಯವನ್ನು ಬರೆದು ಕಳುಹಿಸಿದನು. ಮರುವರ್ಷ, 1873ರಲ್ಲಿ, ಬಾಬಾ ತತ್ಸುಯಿ ಎಂಬ ಇನ್ನೊಬ್ಬ ಜಪಾನೀ ತರುಣನು ಜಪಾನೀ ಭಾಷೆಗೆ ಒಂದು ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು, ಅದರ ಮುನ್ನುಡಿಯಲ್ಲಿ ಮೋರಿಯ ಮಾತನ್ನು ಖಂಡಿಸಿದನು. ಇಂಗ್ಲಿಷು ಬಲ್ಲ ಕೆಲವರಿಗೂ ಬಾರದ ಬಹುಮಂದಿಗೂ ನಡುವೆ ಗೋಡೆಯೇಳುವುದೆಂಬುದು ಆತನ ಭಯ. ಮೋರಿಯು 1885ರಲ್ಲಿ ಜಪಾನಿನ ಮೊದಲ ಶಿಕ್ಷಣಮಂತ್ರಿಯಾದನು; ಆದರೆ ಆ ದೇಶದ ಶಾಲೆಗಳು ಜಪಾನೀ ಭಾಷೆಯಲ್ಲಿಯೇ ಬೆಳೆದುವು. ಗಣಿತ, ವಿಜ್ಞಾನ, ಚರಿತ್ರೆಗಳೆಲ್ಲವನ್ನೂ ಅಲ್ಲಿನ ಮಕ್ಕಳು ಇಂದಿಗೂ ತಮ್ಮ ನುಡಿಯಲ್ಲಿಯೇ ಓದುತ್ತಾರೆ.

ಹಾಗಾದರೆ ಇಂಗ್ಲಿಷನ್ನು ಅವರು ಎಲ್ಲಿಟ್ಟಿದ್ದಾರೆ? ಬಹುಕಾಲ ಅದು ಆರು ವರ್ಷದ ಪ್ರಾಥಮಿಕ ಶಾಲೆಯನ್ನು ಮುಗಿಸಿ, ಮಾಧ್ಯಮಿಕ ಶಾಲೆಗೆ ಹೋದ ಮೇಲೆ ಬರುವ ವಿಷಯವಾಗಿತ್ತು. 2002ರಿಂದ, ಮೂರನೆಯ ತರಗತಿಯ ಮೇಲಿನ ಮಕ್ಕಳಿಗೆ ಸಮಗ್ರ ಅಧ್ಯಯನವೆಂಬ ಹೊಸ ಅವಧಿಯಲ್ಲಿ, ಇಚ್ಛೆಯಿದ್ದ ಶಾಲೆಗಳು ಇಂಗ್ಲಿಷು ಸಂಭಾಷಣೆಯನ್ನು ಅಭ್ಯಾಸಮಾಡಿಸಲು ಅವಕಾಶವಾಯಿತು. 2011ರಲ್ಲಿ ಐದು, ಆರನೆಯ ತರಗತಿಗಳಿಗೆ ‘ವಿದೇಶೀ ಭಾಷಾ ಚಟುವಟಿಕೆ’ಯು ವರ್ಷಕ್ಕೆ 35 ಅವಧಿಗಳಂತೆ ಕಡ್ಡಾಯವಾಯಿತು. 2020ರಿಂದ ಈ ಚಟುವಟಿಕೆ ಮೂರು, ನಾಲ್ಕನೆಯ ತರಗತಿಗಳಿಗೆ ಇಳಿದು, ಐದು, ಆರನೆಯ ತರಗತಿಗಳಲ್ಲಿ ವರ್ಷಕ್ಕೆ 70 ಅವಧಿಗಳ ಪೂರ್ಣ ಪಾಠವಿಷಯವಾಯಿತು. ಅವಧಿಯೆಂದರೆ ಅಲ್ಲಿ 45 ನಿಮಿಷ.

ಈಗ ತಂದೆತಾಯಿಗಳು ಒಂದು ಲೆಕ್ಕವನ್ನು ಗಮನಿಸಬೇಕು. ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಇಂಗ್ಲಿಷಿಗೆ ನಿಗದಿಯಾದುದು 35, 35, 70, 70. ಒಟ್ಟು 210 ಅವಧಿಗಳು. ಅದೇ ಆರು ವರ್ಷಗಳಲ್ಲಿ ಜಪಾನೀ ಭಾಷಾಪಾಠಕ್ಕೆ ನಿಗದಿಯಾದುದು 1461 ಅವಧಿಗಳು. ಒಂದಕ್ಕೆ ಸುಮಾರು ಏಳು! ಮೊದಲೆರಡು ತರಗತಿಗಳ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಇಂಗ್ಲಿಷಿಗೆ ಸ್ಥಳವೇ ಇಲ್ಲ. ತಾಯ್ನುಡಿಗೆ ಒಂದನೆಯ ತರಗತಿಯಲ್ಲಿ 306, ಎರಡನೆಯದರಲ್ಲಿ 315 ಅವಧಿಗಳಿವೆ. ಆರು ವರ್ಷ ಮುಗಿಯುವಷ್ಟರಲ್ಲಿ ಮಗುವು 1026 ಚೀನೀ ಮೂಲದ ಲಿಪಿಚಿಹ್ನೆಗಳನ್ನು ಕಲಿತಿರಬೇಕು. ಇಂಗ್ಲಿಷಿನಲ್ಲಿ 600ರಿಂದ 700 ಶಬ್ದಗಳ ಪರಿಚಯವಾದರೆ ಸಾಕು. ತಾಯ್ನುಡಿಯ ತಳಪಾಯವನ್ನು ಬಲಪಡಿಸಿಕೊಂಡು ಅದರ ಮೇಲೆ ಇಂಗ್ಲಿಷಿನ ಕೋಣೆಯೊಂದನ್ನು ಕಟ್ಟುತ್ತಿರುವ ಮನೆ ಅವರದು.

ಆ ಸಣ್ಣ ಕೋಣೆಯಲ್ಲಿ ಅವರು ಏನು ಮಾಡುತ್ತಾರೆಂಬುದೇ ಇಂದಿನ ವಿಷಯ. ಮೂರು, ನಾಲ್ಕನೆಯ ತರಗತಿಗಳಲ್ಲಿ ಕೇಳುವುದು, ಮಾತನಾಡುವುದು ಇವೆರಡೇ. ಇಂಗ್ಲಿಷಿನ ಓದುಬರಹಗಳು ಐದನೆಯ ತರಗತಿಯಿಂದ ಮುಂದಕ್ಕೆ. ಚಟುವಟಿಕೆಯ ಆ ಎರಡು ವರ್ಷ ಅಂಕಗಳಿಲ್ಲ. ಕಲಿಸುವವರು ಬಹುತೇಕ ತರಗತಿಯ ಉಪಾಧ್ಯಾಯರೇ. ಅಂದರೆ ಬೆಳಗ್ಗೆ ಲೆಕ್ಕವನ್ನೂ ಮಧ್ಯಾಹ್ನ ಚಿತ್ರವನ್ನೂ ಕಲಿಸುವವರು, ಇಂಗ್ಲಿಷಿನಲ್ಲಿ ಪಂಡಿತರಲ್ಲದವರು. ಇವರ ಸಹಾಯಕ್ಕೆ ಕೆಲವು ದಿನಗಳಲ್ಲಿ ವಿದೇಶದಿಂದ ಬಂದ ಸಹಾಯಕ ಭಾಷಾಶಿಕ್ಷಕರು ನಿಲ್ಲುತ್ತಾರೆ. ಇಂಥವರನ್ನು ಕರೆಸುವ ‘ಜೆಟ್’ ಎಂಬ ಸರಕಾರಿ ಯೋಜನೆಯು 1987ರಲ್ಲಿ ನಾಲ್ಕು ದೇಶಗಳ 848 ಮಂದಿಯಿಂದ ಆರಂಭವಾಯಿತು. ಅಂಕವಿಲ್ಲದೆ, ತಾವೇ ಪಂಡಿತರಲ್ಲದೆ, ಮೂವತ್ತು ಮೂವತ್ತೈದು ಮಕ್ಕಳನ್ನು 45 ನಿಮಿಷ ಒಂದು ಪರಭಾಷೆಯಲ್ಲಿ ತೊಡಗಿಸಬೇಕಾದಾಗ ಉಪಾಧ್ಯಾಯರಿಗೆ ಒದಗಿದ ದಾರಿಯೇ ಆಟ.

ಮೊದಲನೆಯದು ‘ಗುರುತು ಪದ’ದ ಆಟ. ಇಬ್ಬಿಬ್ಬರು ಮಕ್ಕಳು ಎದುರುಬದುರಾಗಿ ಕುಳಿತು, ನಡುವೆ ಅಳಿಸುವ ರಬ್ಬರೊಂದನ್ನು ಇಡುತ್ತಾರೆ. ಉಪಾಧ್ಯಾಯರು ಒಂದು ಪದವನ್ನು ಗುರುತಾಗಿ ಹೇಳುತ್ತಾರೆ; ‘ಡಾಗ್’ ಎಂದಿಟ್ಟುಕೊಳ್ಳೋಣ. ಆಮೇಲೆ ಅವರು ‘ಕ್ಯಾಟ್’ ಎಂದರೆ ಮಕ್ಕಳೆಲ್ಲ ‘ಕ್ಯಾಟ್’ ಎನ್ನಬೇಕು. ‘ಬರ್ಡ್’ ಎಂದರೆ ‘ಬರ್ಡ್’ ಎನ್ನಬೇಕು. ‘ಡಾಗ್’ ಎಂದೊಡನೆ ಬಾಯಿ ಮುಚ್ಚಿ ರಬ್ಬರನ್ನು ಕಸಿಯಬೇಕು. ಹತ್ತು ಸಲ ಹೇಳಿಕೊಡಿರೆಂದರೆ ಬೇಸರಿಸುವ ಮಗು ಈ ಆಟದಲ್ಲಿ ನಲವತ್ತು ಸಲ ಹೇಳುತ್ತದೆ. ತಾನು ಹೇಳುತ್ತಿರುವೆನೆಂಬ ಅರಿವೇ ಅದಕ್ಕಿರುವುದಿಲ್ಲ. ಕಿವಿಯಂತೂ ಒಂದು ಕ್ಷಣವೂ ಮೈಮರೆಯುವಂತಿಲ್ಲ.

ಎರಡನೆಯದು ‘ಕರುತ’. ಈ ಹೆಸರು ಪೋರ್ಚುಗೀಸರ ‘ಕಾರ್ತ’ ಎಂಬ ಶಬ್ದದಿಂದ ಹುಟ್ಟಿದುದು. ಅವರು ಜಪಾನಿನ ತೀರವನ್ನು ಮುಟ್ಟಿದುದು 1543ರಲ್ಲಿ. ನಮ್ಮ ಕರಾವಳಿಯ ಮಾತಿನಲ್ಲಿರುವ ‘ಚಾವಿ’ಯೂ ಅದೇ ಜನರು ಬಿಟ್ಟುಹೋದುದು. ಕರುತವನ್ನು ಜಪಾನಿನ ಮನೆಗಳಲ್ಲಿ ಹೊಸವರ್ಷದ ದಿನಗಳಲ್ಲಿ ಆಡುವ ವಾಡಿಕೆಯುಂಟು. ಅದರಲ್ಲಿ ಒಂದು ಬಗೆಗೆ ‘ಹ್ಯಾಕುನಿನ್ ಇಸ್ಶು’ ಎಂದು ಹೆಸರು. ನೂರು ಕವಿಗಳ ಒಂದೊಂದು ಪದ್ಯವೆಂದು ಅರ್ಥ. 13ನೆಯ ಶತಮಾನದಲ್ಲಿ ಫುಜಿವಾರ ನೊ ತೆಯಿಕ ಎಂಬ ಕವಿಯು ಆಯ್ದುಕೊಟ್ಟ ಸಂಕಲನವದು. ಒಬ್ಬರು ಪದ್ಯದ ಪೂರ್ವಾರ್ಧವನ್ನು ಓದುತ್ತಿರುವಂತೆಯೇ, ಉತ್ತರಾರ್ಧವಿರುವ ಚೀಟಿಯನ್ನು ನೆಲದ ಮೇಲೆ ಹರಡಿದ ನೂರು ಚೀಟಿಗಳಲ್ಲಿ ಹುಡುಕಿ ಹೊಡೆಯಬೇಕು. ಈ ನೂರರಲ್ಲಿ ಏಳು ಪದ್ಯಗಳನ್ನು ಮೊದಲನೆಯ ಒಂದೇ ಅಕ್ಷರದಿಂದ ಗುರುತಿಸಬಹುದು. ಬಲ್ಲವರು ಅಷ್ಟಕ್ಕೇ ಕೈ ಹಾಕಿಬಿಡುತ್ತಾರೆ. ನೂರು ಕವಿಗಳ ಪದ್ಯಗಳು ಜನರ ನಾಲಗೆಯ ಮೇಲೆ ಉಳಿಯಲು ಒಂದು ಆಟವು ನೆರವಾಗುತ್ತಿದೆಯೆಂಬುದನ್ನು ಸಾಹಿತ್ಯಪ್ರಿಯರಾದ ತಾವು ಮನಸ್ಸಿನಲ್ಲಿಡಬೇಕು. ಚಿಕ್ಕಮಕ್ಕಳಿಗೆ ಗಾದೆಗಳ ಕರುತವೂ ಉಂಟು.

ಇಂಗ್ಲಿಷು ಪಾಠದಲ್ಲಿ ಇದೇ ಆಟಕ್ಕೆ ಚಿತ್ರದ ಚೀಟಿಗಳನ್ನು ಬಳಸುತ್ತಾರೆ. ನಾಲ್ಕೈದು ಮಕ್ಕಳ ಗುಂಪುಗಳು. ಪ್ರತಿ ಗುಂಪಿನ ನಡುವೆ ಹಣ್ಣು, ಪ್ರಾಣಿ, ಬಣ್ಣಗಳ ಚಿತ್ರಗಳು. ಮಕ್ಕಳು ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡು ಕಾಯುತ್ತಾರೆ. ಉಪಾಧ್ಯಾಯರು ಹೆಸರನ್ನು ಹೇಳಿದೊಡನೆ ಆ ಚಿತ್ರವನ್ನು ಹೊಡೆಯಬೇಕು. ತಪ್ಪು ಚೀಟಿಯನ್ನು ಮುಟ್ಟಿದರೆ ‘ಒತೆತ್ಸುಕಿ’; ಆ ಮಗು ಒಂದು ಸರದಿ ಸುಮ್ಮನಿರಬೇಕು. ಪಳಗಿದ ಉಪಾಧ್ಯಾಯರು ಹೆಸರನ್ನು ನೇರವಾಗಿ ಹೇಳದೆ, ಇದು ಕೆಂಪಗಿದೆ, ಇದನ್ನು ತಿನ್ನಬಹುದು ಎಂದು ಇಂಗ್ಲಿಷಿನಲ್ಲಿ ಒಗಟಿನಂತೆ ಹೇಳುತ್ತ ಹೋಗುತ್ತಾರೆ. ಆಗ ಮಗುವು ಒಂದು ಪದಕ್ಕೆ ಬದಲಾಗಿ ವಾಕ್ಯಗಳನ್ನೇ ಕೇಳಿ ಗ್ರಹಿಸಬೇಕಾಗುತ್ತದೆ.

ಮೂರನೆಯದು ‘ಹಣ್ಣಿನ ಬುಟ್ಟಿ’. ಕುರ್ಚಿಗಳನ್ನು ವರ್ತುಲವಾಗಿ ಇಡುತ್ತಾರೆ. ಮಕ್ಕಳಿಗಿಂತ ಕುರ್ಚಿ ಒಂದು ಕಡಿಮೆ. ಒಬ್ಬೊಬ್ಬರಿಗೂ ಒಂದೊಂದು ಹಣ್ಣಿನ ಹೆಸರು. ನಡುವೆ ನಿಂತ ಮಗು ‘ಆಪಲ್’ ಎಂದರೆ ಸೇಬಿನ ಮಕ್ಕಳೆಲ್ಲ ಎದ್ದು ಸ್ಥಳ ಬದಲಿಸಬೇಕು. ‘ಫ್ರೂಟ್ಸ್ ಬಾಸ್ಕೆಟ್’ ಎಂದರೆ ಇಡೀ ತರಗತಿಯೇ ಎದ್ದು ಓಡಬೇಕು. ಈ ಗಲಿಬಿಲಿಯಲ್ಲಿ ಕುರ್ಚಿ ಸಿಗದ ಮಗುವೇ ಮುಂದಿನ ಸಲ ನಡುವೆ ನಿಂತು ಮಾತನಾಡುವುದು. ಸೋತವನಿಗೆ ಮಾತನಾಡುವ ಸರದಿ ದೊರೆಯುವ ಈ ಏರ್ಪಾಡು ನಮಗೆ ಬಹಳ ಮೆಚ್ಚಿಗೆಯಾಯಿತು. ಸಾಮಾನ್ಯವಾಗಿ ನಮ್ಮ ತರಗತಿಗಳಲ್ಲಿ ಬಲ್ಲವನೇ ಕೈಯೆತ್ತುತ್ತಾನೆ, ಬಲ್ಲವನೇ ಮಾತನಾಡುತ್ತಾನೆ. ಬಾರದವನು ವರ್ಷವಿಡೀ ಮೌನವಾಗಿದ್ದು ತೇರ್ಗಡೆಯಾಗುತ್ತಾನೆ.

ನಾಲ್ಕನೆಯದು ‘ಜಾನ್‌ಕೆನ್’. ಮುಷ್ಟಿಯೆಂದರೆ ಕಲ್ಲು, ಎರಡು ಬೆರಳೆಂದರೆ ಕತ್ತರಿ, ಬಿಚ್ಚಿದ ಅಂಗೈಯೆಂದರೆ ಕಾಗದ. ಕಲ್ಲು ಕತ್ತರಿಯನ್ನೂ ಕತ್ತರಿ ಕಾಗದವನ್ನೂ ಕಾಗದ ಕಲ್ಲನ್ನೂ ಗೆಲ್ಲುತ್ತದೆ. ಜಪಾನಿನಲ್ಲಿ ಯಾರು ಮೊದಲೆಂಬ ಜಗಳವನ್ನು ಮಕ್ಕಳು ಇದರಿಂದಲೇ ತೀರಿಸಿಕೊಳ್ಳುತ್ತಾರೆ. ಇಂಗ್ಲಿಷು ಪಾಠದಲ್ಲಿ ಇದಕ್ಕೆ ಒಂದು ಕೆಲಸವಿದೆ. ಮಕ್ಕಳು ಕಾಗದ, ಪೆನ್ಸಿಲು ಹಿಡಿದು ತರಗತಿಯೊಳಗೆ ಓಡಾಡುತ್ತಾರೆ. ಎದುರಾದವರಿಗೆ ಇಂಗ್ಲಿಷಿನಲ್ಲಿ ವಂದನೆ ಹೇಳಿ ಜಾನ್‌ಕೆನ್ ಆಡುತ್ತಾರೆ. ಗೆದ್ದವನು, ನಿನಗೆ ಈಜು ಇಷ್ಟವೇ, ಬೆಕ್ಕು ಇಷ್ಟವೇ ಎಂದು ಇಂಗ್ಲಿಷಿನಲ್ಲಿ ಕೇಳಬೇಕು. ಸೋತವನು ಉತ್ತರ ಕೊಟ್ಟು ರುಜು ಹಾಕಬೇಕು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಪ್ರತಿ ಮಗುವೂ ಹತ್ತಾರು ಮಂದಿಯೊಡನೆ ಮಾತನಾಡಿರುತ್ತದೆ.

ಇನ್ನು ‘ಸುಗೊರೊಕು’ ಎಂಬುದು ದಾಳ ಉರುಳಿಸಿ ಮನೆಯಿಂದ ಮನೆಗೆ ಕಾಯಿ ನಡೆಸುವ ಪಟದಾಟ. ನಮ್ಮ ಹಾವು ಏಣಿಯಾಟವನ್ನು, ಹಿರಿಯರ ಪರಮಪದ ಸೋಪಾನಪಟವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಯಿ ನಿಂತ ಮನೆಯಲ್ಲಿರುವ ಚಿತ್ರದ ವಿಷಯವಾಗಿ ಒಂದು ವಾಕ್ಯ ಹೇಳಿದರೆ ಮಾತ್ರ ಅಲ್ಲಿ ನಿಲ್ಲಬಹುದು. ‘ಒಹಜಿಕಿ’ ಎಂಬ ಚಪ್ಪಟೆ ಗಾಜಿನ ಬಿಲ್ಲೆಗಳನ್ನು ಚಿತ್ರಗಳ ಮೇಲಿಟ್ಟು, ಹೆಸರು ಕೇಳಿದಾಗ ತೆಗೆಯುವ ಆಟವೂ ಉಂಟು. ನಮ್ಮಲ್ಲಾದರೆ ಹುಣಸೆಬೀಜ ಸಾಕು. ಮೂವರು ಮಕ್ಕಳು ಮುಂದೆ ನಿಂತು ಏಕಕಾಲದಲ್ಲಿ ಮೂರು ಬೇರೆ ಬೇರೆ ಪದಗಳನ್ನು ಕೂಗುವುದು, ಉಳಿದವರು ಯಾರು ಏನೆಂದರೆಂದು ಬಿಡಿಸಿ ಹೇಳುವುದು ಮತ್ತೊಂದಾಟ. ಹಲಗೆಯ ಮೇಲಿನ ಚಿತ್ರಗಳಲ್ಲಿ ಒಂದನ್ನು, ಮಕ್ಕಳು ಕಣ್ಣು ಮುಚ್ಚಿದಾಗ ತೆಗೆದುಬಿಟ್ಟು, ಯಾವುದು ಹೋಯಿತೆಂದು ಕೇಳುವುದು ಇನ್ನೊಂದು.

ಈ ಆಟಗಳಲ್ಲಿ ಕಿವಿಗೆ ಇಷ್ಟು ಕೆಲಸ ಕೊಡುವುದಕ್ಕೆ ಕಾರಣವಿದೆ. ಜಪಾನೀ ಭಾಷೆಯಲ್ಲಿ ಅನುನಾಸಿಕವೊಂದನ್ನು ಬಿಟ್ಟರೆ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಒತ್ತಕ್ಷರಗಳ ಗೊಂದಲವೂ ಅಲ್ಲಿ ಕಡಿಮೆ. ಆದುದರಿಂದ ‘ಮಿಲ್ಕ್’ ಅವರ ಬಾಯಲ್ಲಿ ‘ಮಿರುಕು’ ಆಗುತ್ತದೆ; ‘ಸ್ಟ್ರೈಕ್’ ಎಂಬುದು ‘ಸುತೊರೈಕು’ ಎಂದು ಹಿಗ್ಗುತ್ತದೆ. ‘ಬಸ್’ ಎಂಬುದು ‘ಬಸು’. ಇದನ್ನು ಕೇಳಿ ನಗುವ ಮುನ್ನ, ಬಸ್ಸು, ಕಾರು, ಪೆನ್ನು, ಲೈಟು ಎಂದು ಉಕಾರ ಹಚ್ಚುವ ನಮ್ಮ ನಾಲಗೆಯನ್ನೂ ನೆನೆಯಬೇಕು. ಈ ವಿಷಯದಲ್ಲಿ ನಾವೂ ಅವರೂ ದಾಯಾದಿಗಳೇ. ಆದರೆ ರಕಾರ ಲಕಾರಗಳ ಭೇದ ಅವರ ಭಾಷೆಯಲ್ಲಿಲ್ಲ. ‘ರೈಟ್’ ಎಂದರೂ ‘ಲೈಟ್’ ಎಂದರೂ ಅಲ್ಲಿ ‘ರೈತೊ’ ಒಂದೇ. ನಮ್ಮ ಮಗುವಿಗಾದರೋ ರ, ಲ, ಳ ಮೂರೂ ಹುಟ್ಟಿನಿಂದ ಬಂದ ಸ್ವತ್ತು. ಅದರ ಮೇಲೆ ನಮ್ಮ ಗಡಿನಾಡಿನ ಮಗುವು ಬೆಳೆಯುವುದು ಕನ್ನಡದ ಜೊತೆಗೆ ತುಳು, ಮಲಯಾಳ, ಕೊಂಕಣಿ, ಮರಾಠಿಗಳನ್ನು ಕೇಳುತ್ತ. ಇಂಥ ಪಳಗಿದ ಕಿವಿಯ ಮಗುವನ್ನು ಇಂಗ್ಲಿಷಿಗೆ ಅಸಮರ್ಥವೆಂದು ಭಾವಿಸುವುದು ತಿಳಿಗೇಡಿತನವಾದೀತು.

ಆಟವೆಂದಮಾತ್ರಕ್ಕೆ ಪಾಠವಾಗುವುದೆಂದು ತಾವು ತಿಳಿಯಬಾರದು. ಇದನ್ನು ನಾವು ಸ್ವಂತ ಅವಿವೇಕದಿಂದಲೇ ಕಲಿತೆವು. ಇಂಗ್ಲಿಷು ಉಪಾಧ್ಯಾಯರು ರಜೆಯಲ್ಲಿದ್ದ ಒಂದು ದಿನ ಎಂಟನೆಯ ತರಗತಿಯನ್ನು ನೋಡಿಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಂದಿತು. ‘ಸೈಮನ್ ಸೇಸ್’ ಎಂಬ ಆಟವನ್ನು ಆಡಿಸಿದೆವು. ‘ಸೈಮನ್ ಹೇಳುತ್ತಾನೆ, ಕಿವಿ ಹಿಡಿ’ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಹಿಡಿಯಬೇಕು; ಸೈಮನನ ಹೆಸರಿಲ್ಲದೆ ಆಜ್ಞೆ ಬಂದರೆ ಅಲುಗಬಾರದು; ತಪ್ಪಿದವರು ಕುಳಿತುಬಿಡಬೇಕು. ಮಕ್ಕಳ ನಗು, ಗದ್ದಲ ಪಕ್ಕದ ಕೋಣೆಗೂ ಕೇಳಿಸಿತು, ನಮಗೂ ಹೆಮ್ಮೆಯೆನಿಸಿತು. ಆದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೊದಲನೆಯ ಸರದಿಯಲ್ಲೇ ತಪ್ಪಿ ಕುಳಿತಳು. ಮುಂದಿನ ಅಷ್ಟೂ ಹೊತ್ತು ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಐದು ನಿಮಿಷಗಳಲ್ಲಿ ನಿಂತಿದ್ದವರೆಲ್ಲ ಇಂಗ್ಲಿಷು ಮೊದಲೇ ಬಲ್ಲವರು; ಕುಳಿತವರೆಲ್ಲ ಅದನ್ನು ಕಲಿಯಬೇಕಾಗಿದ್ದವರು. ಯಾರಿಗಾಗಿ ಆಟ ಹೂಡಿದೆವೋ ಅವರನ್ನೇ ನಾವು ಹೊರಗೆ ಕಳುಹಿಸಿದ್ದೆವು. ಮರುದಿನ ನಿಯಮವನ್ನು ತಿದ್ದಿದೆವು: ತಪ್ಪಿದವರು ಕುಳಿತುಕೊಳ್ಳಬಾರದು, ಮುಂದೆ ಬಂದು ತಾವೇ ಒಂದು ಆಜ್ಞೆಯನ್ನು ಕೊಡಬೇಕು. ಆ ಹುಡುಗಿ ಬಂದು ನಿಂತು, ಬಹು ಮೆಲ್ಲನೆ, ‘ಸೈಮನ್ ಹೇಳುತ್ತಾನೆ, ಎಲ್ಲರೂ ಕುಳಿತುಕೊಳ್ಳಿ’ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಇಡೀ ತರಗತಿ ಕುಳಿತಿತು. ಹಣ್ಣಿನ ಬುಟ್ಟಿಯ ಏರ್ಪಾಡು ಎಷ್ಟು ವಿವೇಕದ್ದೆಂದು ನಮಗೆ ತಿಳಿದುದು ಅಂದು.

ಜಪಾನಿನ ಶಿಕ್ಷಣ ಇಲಾಖೆಯೂ ಈ ವಿಷಯದಲ್ಲಿ ಎಚ್ಚರ ತಾಳಿದೆ. ತಮ್ಮ ಆಲೋಚನೆ, ಭಾವನೆಗಳನ್ನು ಒಬ್ಬರಿಗೊಬ್ಬರು ನಿಜವಾಗಿ ಇಂಗ್ಲಿಷಿನಲ್ಲಿ ತಿಳಿಸಿಕೊಳ್ಳುವುದನ್ನು ಮಾತ್ರ ಅದು ‘ಭಾಷಾವ್ಯವಹಾರ’ವೆಂದು ಕರೆಯುತ್ತದೆ, ಪದಗಳನ್ನು ಬಾಯಿಗೆ ತರುವ ಆಟ ಅದಕ್ಕೆ ಪೂರ್ವಾಭ್ಯಾಸವಷ್ಟೆ. ರಬ್ಬರನ್ನು ಕಸಿಯುವ ಆಟದಲ್ಲಿ ‘ಡಾಗ್’ ಎಂಬುದು ಬರಿಯ ಶಬ್ದ. ನಿಮ್ಮ ಮನೆಯಲ್ಲಿ ನಾಯಿಯುಂಟೇ ಎಂದು ಗೆಳೆಯನನ್ನು ಕೇಳಿ, ಉತ್ತರವನ್ನು ತಿಳಿಯುವ ಕುತೂಹಲ ಹುಟ್ಟಿದಾಗ ಅದು ಭಾಷೆ. ಇನ್ನೊಂದು ತೊಡಕು ವಯಸ್ಸಿನದು. ಎಂಟು ವರ್ಷದ ಮಗು ಕುಣಿದು ಆಡುವ ಆಟಕ್ಕೆ ಹನ್ನೆರಡು ವರ್ಷದವರು ನಾಚುತ್ತಾರೆ. ಅವರಿಗೆ ಊರಿನ ಪರಿಚಯ, ಮುಂದಿನ ಆಶೆಗಳು ಇಂಥ ವಿಷಯಗಳ ಮೇಲೆ ಮಾತನಾಡಿಸಬೇಕು. ಆದುದರಿಂದ ಆಟವನ್ನು ಆರಿಸುವಾಗ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ಕೇಳದೆ, ಮಾತನಾಡದೆ ಈ ಆಟದಲ್ಲಿ ಗೆಲ್ಲಲು ಸಾಧ್ಯವೇ? ಸೋತ ಮಗು ಆಟದೊಳಗೆ ಉಳಿಯುತ್ತದೆಯೇ? ಆಟ ಮುಗಿದ ಮೇಲೆ ಮಕ್ಕಳು ಒಬ್ಬರನ್ನೊಬ್ಬರು ಕುರಿತು ಹೊಸದೇನಾದರೂ ತಿಳಿದುಕೊಂಡರೇ?

ಇಷ್ಟನ್ನು ಕೇಳಿದ ಮೇಲೆ ತಮ್ಮಲ್ಲಿ ಕೆಲವರಿಗೆ ಒಂದು ಆಕ್ಷೇಪ ಹೊಳೆಯದಿರದು. “ಜಪಾನಿನವರಿಗೇನು? ಅವರ ಕಾಲೇಜು, ಕಚೇರಿ, ಕಾರಖಾನೆಗಳೆಲ್ಲ ಅವರ ಭಾಷೆಯಲ್ಲಿವೆ. ಇಂಗ್ಲಿಷು ಬಾರದಿದ್ದರೂ ಅನ್ನಕ್ಕೆ ಕೊರತೆಯಿಲ್ಲ. ನಮ್ಮ ಮಕ್ಕಳ ಗತಿ ಹಾಗಿದೆಯೇ?” ಈ ಆಕ್ಷೇಪವನ್ನು ನಾವು ತಳ್ಳಿಹಾಕಲಾರೆವು. ನಮ್ಮ ಮಗುವಿಗೆ ಮನೆಯಿಂದ ಹೊರಟರೆ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು, ಕಾಲೇಜಿನಲ್ಲಿ ಮತ್ತೊಂದು. ಇಷ್ಟೆಲ್ಲ ಆಡಿದ ಜಪಾನೀ ಮಕ್ಕಳು ಇಂಗ್ಲಿಷಿನಲ್ಲಿ ನಿರರ್ಗಳರಾಗಿಬಿಟ್ಟರೆಂದೂ ನಾವು ಹೇಳುತ್ತಿಲ್ಲ. ಮಾತನಾಡಲು ಸಂಕೋಚಪಡುವವರು ಅಲ್ಲಿ ಇಂದಿಗೂ ಬಹಳ ಮಂದಿ. ಪ್ರವೇಶಪರೀಕ್ಷೆಯ ಕಾಲ ಬಂದಾಗ ಆಟ ಮೂಲೆಗೆ ಬಿದ್ದು ವ್ಯಾಕರಣ ಮುಂದೆ ಬರುವುದುಂಟು. ಆದುದರಿಂದ ಜಪಾನಿನಿಂದ ನಾವು ಪಡೆಯಬೇಕಾದುದು ಎರಡೇ ಪಾಠಗಳು. ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವುದು ಬೇರೆ, ಎಲ್ಲ ವಿಷಯಗಳನ್ನೂ ಇಂಗ್ಲಿಷಿನಲ್ಲಿ ಕಲಿಸುವುದು ಬೇರೆ. ಮೊದಲನೆಯದಕ್ಕಾಗಿ ಎರಡನೆಯದನ್ನು ಒಪ್ಪಿಕೊಳ್ಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಪಂಡಿತರಲ್ಲದ ಉಪಾಧ್ಯಾಯರೂ ಹಣದ ಖರ್ಚಿಲ್ಲದೆ, ಮಗುವಿನ ಬಾಯಿಂದ ಮಾತು ಹೊರಡಿಸಬಲ್ಲರು. ಇದು ಎರಡನೆಯ ಪಾಠ. ನಮ್ಮ ಮಕ್ಕಳಿಗೆ ಅವಶ್ಯಕತೆ ಹೆಚ್ಚಿದೆಯೆಂದರೆ ಈ ಕೆಲಸವನ್ನು ನಾವು ಅವರಿಗಿಂತ ಹೆಚ್ಚು ಶ್ರದ್ಧೆಯಿಂದ ಮಾಡಬೇಕೆಂದೇ ಅರ್ಥ.

ಕನ್ನಡ ಶಾಲೆಯಲ್ಲಿ ಇಂಗ್ಲಿಷು ದುರ್ಬಲವಾಗಿದ್ದರೆ ಅದು ಇಂಗ್ಲಿಷು ಉಪಾಧ್ಯಾಯರೊಬ್ಬರ ಕೊರತೆಯೆಂದು ಕನ್ನಡ ಪಂಡಿತರಾದ ನಾವು ಕೈತೊಳೆದುಕೊಳ್ಳಲಾಗದು. ಆ ದುರ್ಬಲತೆಯ ಫಲವನ್ನು ಮೊದಲು ಉಣ್ಣುವುದು ನಮ್ಮ ಕನ್ನಡವೇ. ಇಂಗ್ಲಿಷು ಪಾಠ ಚೆನ್ನಾಗಿ ನಡೆಯುವ ಕನ್ನಡ ಶಾಲೆಯಿಂದ ಮಗುವನ್ನು ಬಿಡಿಸಬೇಕೆಂದು ತಂದೆತಾಯಿಗಳಿಗೆ ತೋರದು.

ಆಟದ ಲಾಭ ಇಂಗ್ಲಿಷಿಗೆ ಮಾತ್ರ ಸಲ್ಲತಕ್ಕದ್ದೆಂದೂ ಇಲ್ಲ. ನೂರು ಕವಿಗಳ ಕರುತವನ್ನು ಓದಿ ತಿಳಿದ ಮೇಲೆ ನಾವು ಹಳೆಯ ಮದುವೆ ಕಾಗದಗಳ ಬೆನ್ನನ್ನು ಚೀಟಿಗಳಾಗಿ ಕತ್ತರಿಸಿ, ಅವುಗಳ ಮೇಲೆ ತದ್ಭವ ಶಬ್ದಗಳನ್ನು ಬರೆದೆವು. ನಾವು ‘ಸಂಧ್ಯಾ’ ಎಂದರೆ ಮಕ್ಕಳು ‘ಸಂಜೆ’ಯನ್ನು ಹೊಡೆಯಬೇಕು, ‘ವಿದ್ಯಾ’ ಎಂದರೆ ‘ಬಿಜ್ಜೆ’, ‘ಕಾರ್ಯ’ ಎಂದರೆ ‘ಕಜ್ಜ’, ‘ಮುಖ’ ಎಂದರೆ ‘ಮೊಗ’, ‘ಪಕ್ಷಿ’ ಎಂದರೆ ‘ಹಕ್ಕಿ’. ವ್ಯಾಕರಣದ ಪಟ್ಟಿಯನ್ನು ಕಂಡರೆ ಆಕಳಿಸುತ್ತಿದ್ದ ಮಕ್ಕಳು, ಗಂಟೆ ಬಾರಿಸಿದ ಮೇಲೂ ಇನ್ನೊಂದು ಸರದಿ ಬೇಕೆಂದು ಕುಳಿತುಬಿಟ್ಟರು. ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಆಡುವ ಮಕ್ಕಳೂ ಇದರಲ್ಲಿ ಹಿಂದುಳಿಯಲಿಲ್ಲ. ಅವರೇ ಹೊಸ ಜೋಡಿಗಳನ್ನು ಹುಡುಕಿ ತರತೊಡಗಿದರು. ಗಾದೆಗಳ ಕರುತವನ್ನು ಮನೆಯಲ್ಲಿ ಅಜ್ಜಿಯರೊಡನೆ ಆಡಬಹುದು. ಅರ್ಧವನ್ನು ಅಜ್ಜಿ ಹೇಳಲಿ, ಉಳಿದರ್ಧದ ಚೀಟಿಯನ್ನು ಮೊಮ್ಮಗು ಹುಡುಕಲಿ. ಜಪಾನಿನಲ್ಲಿ ‘ಶಿರಿತೊರಿ’ಯೆಂಬ ಆಟವುಂಟು: ಒಬ್ಬರ ಪದದ ಕೊನೆಯಕ್ಷರದಿಂದ ಮುಂದಿನವರು ಪದ ಹೇಳಬೇಕು. ನಮ್ಮ ಅಂತ್ಯಾಕ್ಷರಿಯನ್ನು ಬಲ್ಲ ಮನೆಗಳಿಗೆ ಇದು ಹೊಸತಲ್ಲ. ಅದನ್ನೇ ಒಂದು ಸಂಜೆ ಕನ್ನಡ ಪದಗಳಲ್ಲಿ, ಮರುದಿನ ಇಂಗ್ಲಿಷು ಪದಗಳಲ್ಲಿ ಆಡಿಸಿದರೆ ಎರಡು ಭಾಷೆಗಳೂ ಒಂದೇ ಜಗಲಿಯಲ್ಲಿ ಬೆಳೆಯುತ್ತವೆ.

ಸಂಘದ ಹಿರಿಯರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ. ವರ್ಷಕ್ಕೊಮ್ಮೆ ನಾವು ಪ್ರಬಂಧಸ್ಪರ್ಧೆ, ಗೀತಗಾಯನಗಳನ್ನು ಏರ್ಪಡಿಸುವಂತೆಯೇ, ರಜೆಯಲ್ಲಿ ಎರಡು ದಿನ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರನ್ನು ಸೇರಿಸಿ ಇಂಥ ಆಟಗಳ ಚೀಟಿಗಳನ್ನು ತಯಾರಿಸೋಣ. ಚಿತ್ರ ಬರೆಯಲು ಊರಿನ ತರುಣರು ಬರಲಿ. ಒಂದೊಂದು ಕನ್ನಡ ಶಾಲೆಗೂ ಒಂದು ಪೆಟ್ಟಿಗೆ ಚೀಟಿಗಳು ತಲಪಲಿ. ಅದರಲ್ಲಿ ಅರ್ಧ ಇಂಗ್ಲಿಷಿಗೆ, ಅರ್ಧ ಕನ್ನಡಕ್ಕೆ.

ಬರುವ ಜೂನಿನಲ್ಲಿಯೂ ಯಾವನೋ ತಂದೆ ಮಗುವಿನ ಕೈಹಿಡಿದು ಶಾಲೆಯ ಮೆಟ್ಟಿಲೇರುವುದು ನಿಶ್ಚಯ. ವರ್ಗಾವಣೆ ಪತ್ರ ಕೇಳುವುದೂ ನಿಶ್ಚಯ. ಆಗ ನಾವು ಅವರಿಗೆ ಉಪದೇಶ ಮಾಡದೆ, “ಪತ್ರ ನಾಳೆಯೂ ಕೊಡಬಹುದು. ಇಂದು ಒಂದು ಗಂಟೆಯ ಹೊತ್ತು ಹಿಂದಿನ ಬೆಂಚಿನಲ್ಲಿ ಕುಳಿತು ನಿಮ್ಮ ಮಗಳ ಇಂಗ್ಲಿಷು ಪಾಠವನ್ನು ನೋಡಿ ಹೋಗಿ” ಎಂದು ಹೇಳುವಂತಾಗಬೇಕು. ಹಾಗೆ ಹೇಳುವ ಧೈರ್ಯ ನಮ್ಮ ಪ್ರತಿಯೊಂದು ಕನ್ನಡ ಶಾಲೆಗೂ ಬರಲೆಂದು ಹಾರೈಸುವೆವು.